ಮಗಳ ಚರ್ಮ ಏನೆಂದು ಸಾಕ್ಷಿ ಹೇಳೀತು?

ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಮನೆಯೊಳಗಿನ ತಪ್ಪನ್ನು ಊರ ಮುಂದೆ ಹರಡಿಕೊಳ್ಳಲು ಯಾರಿಗೆ ಇಷ್ಟವಿರುತ್ತದೆ? ಕೊನೆಗೆ ಮಗಳೇ, "ಬರೆಯಿರಿ ಉಮ್ಮಾ, ನನ್ನ ಹೆಸರು ಮಾತ್ರ ಹಾಕಬೇಡಿ" ಎಂದಳು. ಆದ್ದರಿಂದ ಬರೆಯುತ್ತಿದ್ದೇನೆ.

ಅದು 2022ರ ರಮಝಾನ್. ಏಪ್ರಿಲ್ ತಿಂಗಳ ಕರಾವಳಿಯ ಸೆಕೆ ಹೇಗಿರುತ್ತದೆಂದು ನಿಮಗೆ ಗೊತ್ತೇ ಇದೆ. ಅಸರ್ ನಮಾಝಿಗೆಂದು ವುಝೂ ಮಾಡಲು ಹೋದ ಮಗಳು ಮುಖಕ್ಕೆ ನೀರು ಸೋಕಿದೊಡನೆ ಕಿರುಚಿದಳು. ಓಡಿ ಹೋಗಿ ನೋಡಿದರೆ ಎರಡೂ ಕೆನ್ನೆಗಳು ಸುಟ್ಟಂತೆ ಕೆಂಪಾಗಿದ್ದವು. ಬರೇ ಬಾವಿಯ ನೀರು. ನಾವು ಕುಡಿಯುವ ನೀರು. ಅದು ತಾಗಿದರೆ ಮೆಣಸಿನ ಹುಡಿ ಹಾಕಿದಂತೆ ಉರಿಯುತ್ತದೆ ಎಂದು ಅತ್ತಳು.

ಎರಡು ವರ್ಷಗಳ ಹಿಂದಿನ ಒಂದು ಮಾತಿನಿಂದ ಇದು ಶುರುವಾಗಿತ್ತು. ಅವಳಿಗೆ ಆಗ ಹತ್ತೊಂಬತ್ತು. ಒಂದು ಸಂಬಂಧ ಬಂದಿತ್ತು. ಹುಡುಗನ ತಾಯಿ ಚಹಾ ಕುಡಿದು, ತಿಂಡಿ ತಿಂದು, ಮಗಳ ಕುರ್‌ಆನ್ ಪಾರಾಯಣವನ್ನು ಹೊಗಳಿ, ಹೋಗುವಾಗ ಅಂಗಳದಲ್ಲಿ ನನ್ನ ಕಿವಿಯ ಬಳಿ ಹೇಳಿದರು: "ಹುಡುಗಿ ಒಳ್ಳೆಯವಳು. ಆದರೆ ಬಣ್ಣ ಸ್ವಲ್ಪ ಕಡಿಮೆ." ಆ ಸಂಬಂಧ ಮುಂದುವರಿಯಲಿಲ್ಲ. ಮರುವಾರವೇ ನಾನು ಪರಿಚಯದ ಹೆಂಗಸೊಬ್ಬರು ಹೇಳಿದ ಕ್ರೀಮಿನ ಟ್ಯೂಬನ್ನು ಪೇಟೆಯ ಒಂದು ಅಂಗಡಿಯಿಂದ ತಂದೆ. ಚೀಟಿ ಕೇಳಲಿಲ್ಲ, ಪ್ರಶ್ನೆ ಕೇಳಲಿಲ್ಲ, ಕೊಟ್ಟರು. ಮಗಳು ತಾನಾಗಿ ಹಚ್ಚಿಕೊಂಡದ್ದಲ್ಲ. ಮೊದಲ ರಾತ್ರಿ ಅವಳನ್ನು ನನ್ನ ಮುಂದೆ ಕೂರಿಸಿ ನನ್ನ ಬೆರಳಿನಿಂದ ನಾನೇ ಹಚ್ಚಿದೆ.

ಮೂರು ವಾರಗಳಲ್ಲಿ ಮುಖ ಬೆಳ್ಳಗಾಯಿತು. ಅದನ್ನು ನಾನು ಸುಳ್ಳೆನ್ನಲಾರೆ. ನೆಂಟರೆಲ್ಲ "ಏನು ಹಚ್ಚುತ್ತೀಯಾ?" ಎಂದು ಕೇಳಿದರು. ನನಗೆ ಹೆಮ್ಮೆಯೆನಿಸಿತು. ಒಂದು ವಾರ ಹಚ್ಚದಿದ್ದರೆ ಮುಖ ಕೆಂಪಾಗಿ ತುರಿಸುತ್ತಿತ್ತು. ಮತ್ತೆ ಹಚ್ಚಿದರೆ ಶಮನ. ಆಗಲೇ ಸಂಶಯ ಬರಬೇಕಿತ್ತು.

ಚರ್ಮರೋಗದ ವೈದ್ಯೆ ಮೊದಲು ಕೇಳಿದ್ದು, "ಹಚ್ಚುತ್ತಿದ್ದ ಟ್ಯೂಬ್ ತಂದಿದ್ದೀರಾ?" ಎಂದು. ಪುಣ್ಯಕ್ಕೆ ಪರ್ಸಿನಲ್ಲಿತ್ತು. ಅದರ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ ಅವರು ಸುಮ್ಮನೆ ತಲೆಯಾಡಿಸಿದರು. ನನ್ನ ಮುಖ ನೋಡಿ ಅಯ್ಯೋ ಎನಿಸಿರಬೇಕು, ಬೈಯಲಿಲ್ಲ. ಚೀಟಿಯ ಹಿಂದೆ ಪೆನ್ನಿನಿಂದ ಮೂರು ಗೆರೆ ಎಳೆದರು. "ಇದು ಹೊರಚರ್ಮ, ಇದು ಒಳಚರ್ಮ, ಕೆಳಗಿನದು ಕೊಬ್ಬಿನ ಪದರ. ನೀವು ಹಚ್ಚಿದ್ದು ಈ ಮೇಲಿನ ಎರಡನ್ನೂ ತೆಳ್ಳಗೆ ಮಾಡಿದೆ."

ಆ ಚೀಟಿಯನ್ನು ಹಿಡಿದುಕೊಂಡು ಮನೆಗೆ ಬಂದೆ. ಮಗಳು ನರ್ಸಿಂಗ್ ಕಲಿಯುತ್ತಿದ್ದಳು. ಅವಳ ಶರೀರ ಶಾಸ್ತ್ರದ ಪುಸ್ತಕದಲ್ಲಿ ಚರ್ಮ, ಕೂದಲು, ಉಗುರು, ಗ್ರಂಥಿಗಳ ಬಗ್ಗೆ ಒಂದು ಪಾಠವೇ ಇತ್ತು. ಆ ಪಾಠವನ್ನು ಓದಿ ಪರೀಕ್ಷೆ ಬರೆದು, ಅದೇ ರಾತ್ರಿ ಮುಖಕ್ಕೆ ಕ್ರೀಮು ಹಚ್ಚಿಕೊಂಡು ಮಲಗುತ್ತಿದ್ದಳಂತೆ! ಕಲಿತದ್ದು ಒಂದು ಕಡೆ, ಬದುಕು ಇನ್ನೊಂದು ಕಡೆ. ನಾನು ಪಿಯುಸಿಗೆ ನಿಲ್ಲಿಸಿದವಳು. ರಮಝಾನಿನ ಉಳಿದ ರಾತ್ರಿಗಳಲ್ಲಿ ತರಾವೀಹ್ ಮುಗಿದ ಬಳಿಕ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಪಾಠವನ್ನು ಅವಳಿಂದ ಕೇಳಿದೆ. ಅಲ್ಲಿ ತಿಳಿದದ್ದನ್ನೇ ನಿಮಗೂ ಹೇಳುತ್ತೇನೆ.

ನಮ್ಮ ದೇಹದ ಅತಿ ದೊಡ್ಡ ಅಂಗ ಯಾವುದೆಂದು ಕೇಳಿದರೆ ನಾವು ಹೃದಯ, ಪಿತ್ತಜನಕಾಂಗ ಎಂದೆಲ್ಲ ಹೇಳುತ್ತೇವೆ. ಆದರೆ ಅದು ಚರ್ಮ. ಪ್ರಾಯದವರೊಬ್ಬರ ಚರ್ಮವನ್ನು ಹರಡಿದರೆ ಒಂದೂವರೆಯಿಂದ ಎರಡು ಚದರ ಮೀಟರ್ ಆಗುತ್ತದೆ. ಎರಡು ಮುಸಲ್ಲಾ ಹಾಸಿದಷ್ಟು ಎಂದುಕೊಳ್ಳಿ. ಆದರೆ ಎಲ್ಲ ಕಡೆಯೂ ಒಂದೇ ದಪ್ಪವಿಲ್ಲ. ಕಣ್ಣಿನ ರೆಪ್ಪೆಯ ಮೇಲಿನ ಹೊರಚರ್ಮ ಒಂದು ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲಿನಷ್ಟೇ ತೆಳು. ಅಂಗಾಲಿನಲ್ಲಿ ಒಂದೂವರೆ ಮಿಲಿಮೀಟರಿನಷ್ಟು ದಪ್ಪ. ರೆಪ್ಪೆ ಮಿಟುಕಬೇಕು, ಅಂಗಾಲು ನಡೆಯಬೇಕು. ಸೃಷ್ಟಿಕರ್ತನ ಅಳತೆ ಎಲ್ಲೂ ತಪ್ಪಿಲ್ಲ.

ಹೊರಚರ್ಮದಲ್ಲಿ ರಕ್ತನಾಳಗಳೇ ಇಲ್ಲ. ಅದರ ತಳದಲ್ಲಿ ಹೊಸ ಜೀವಕೋಶಗಳು ಹುಟ್ಟುತ್ತವೆ, ನಿಧಾನವಾಗಿ ಮೇಲೇರುತ್ತವೆ, ಏರುತ್ತಾ ಏರುತ್ತಾ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನನ್ನು ತುಂಬಿಕೊಂಡು ಸಾಯುತ್ತವೆ. ಸತ್ತ ಆ ಕೋಶಗಳ ಪದರವೇ ನಾವು ಮುಟ್ಟುವ, ನೋಡುವ, ಕ್ರೀಮು ಹಚ್ಚುವ ಚರ್ಮ. ಸುಮಾರು ಒಂದು ತಿಂಗಳಲ್ಲಿ ತಳದಿಂದ ಮೇಲಕ್ಕೆ ಬಂದು ಉದುರಿ ಹೋಗುತ್ತದೆ. ಹೊರಗಿನ ರೋಗಾಣುಗಳು ಒಳಗೆ ಬಾರದಂತೆ, ಒಳಗಿನ ನೀರು ಹೊರಗೆ ಹೋಗದಂತೆ ತಡೆಯುವುದು ಈ ಸತ್ತವರ ಗೋಡೆ. ಅದು ತೆಳ್ಳಗಾದದ್ದರಿಂದಲೇ ನನ್ನ ಮಗಳಿಗೆ ಬಾವಿಯ ನೀರು ಉರಿದದ್ದು.

ಇದು ಅರ್ಥವಾಗಬೇಕಿದ್ದರೆ ನಮ್ಮ ಮದರಂಗಿಯನ್ನು ನೆನಪಿಸಿಕೊಳ್ಳಿ. ಅಂಗೈಗೆ ಹಚ್ಚಿದ ಮದರಂಗಿ ಯಾಕೆ ಕಡು ಕೆಂಪಾಗುತ್ತದೆ, ತೋಳಿಗೆ ಹಚ್ಚಿದ್ದು ಯಾಕೆ ಪೇಲವವಾಗಿರುತ್ತದೆ? "ಗಂಡನ ಪ್ರೀತಿ ಜಾಸ್ತಿ" ಎಂದು ನಾವು ನಗುತ್ತೇವೆ. ನಿಜ ಸಂಗತಿಯೆಂದರೆ, ಮದರಂಗಿ ಎಲೆಯ ಬಣ್ಣ ಕೆರಾಟಿನಿಗೆ ಅಂಟಿಕೊಳ್ಳುತ್ತದೆ. ಅಂಗೈಯಲ್ಲಿ ಆ ಪದರ ದಪ್ಪ, ಆದ್ದರಿಂದ ಬಣ್ಣವೂ ದಟ್ಟ. ಪದರ ಉದುರಿದಂತೆ ಎರಡು ವಾರಗಳಲ್ಲಿ ಮಾಸುತ್ತದೆ. ಉಗುರಿಗೆ ಹತ್ತಿದ ಮದರಂಗಿ ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ, ಯಾಕೆಂದರೆ ಉಗುರು ಉದುರುವುದಿಲ್ಲ, ಬೆಳೆಯುತ್ತದೆ. ಮದರಂಗಿ ಕೆರಾಟಿನಿನೊಳಗೆ ಇಳಿಯುತ್ತದೆಯೇ ಹೊರತು ಮೇಲೆ ಹೊದಿಕೆಯಾಗಿ ಕೂರುವುದಿಲ್ಲ. ವುಝೂವಿನ ನೀರಿಗೆ ಉಗುರು ಬಣ್ಣ ತಡೆ, ಮದರಂಗಿ ತಡೆಯಲ್ಲ ಎಂದು ಮದ್ರಸದಲ್ಲಿ ಕಲಿತದ್ದರ ಕಾರಣ ನನಗೆ ಹೊಳೆದದ್ದು ಈ ಪಾಠ ಕೇಳಿದ ಮೇಲೆ. (ಹತ್ತೇ ನಿಮಿಷದಲ್ಲಿ ಕರ್ರಗಾಗುವ 'ಕಪ್ಪು ಮೆಹಂದಿ'ಯನ್ನು ಮಾತ್ರ ಮಕ್ಕಳ ಕೈಗೆ ಹಚ್ಚಬೇಡಿ. ಅದರಲ್ಲಿ ಕೂದಲಿನ ಡೈಗೆ ಹಾಕುವ ಪಿಪಿಡಿ ಎಂಬ ರಾಸಾಯನಿಕವನ್ನು ಬೆರೆಸುತ್ತಾರೆ. ಚರ್ಮ ಬೊಕ್ಕೆ ಬಂದು ಗಾಯವಾದೀತು.)

ಇನ್ನು ಬಣ್ಣದ ವಿಷಯಕ್ಕೆ ಬರುತ್ತೇನೆ. ಹೊರಚರ್ಮದ ತಳದಲ್ಲಿ ಮೆಲನೊಸೈಟ್ ಎಂಬ ಕೋಶಗಳಿವೆ. ಅವು ಮೆಲನಿನ್ ಎಂಬ ಬಣ್ಣವನ್ನು ತಯಾರಿಸಿ, ಉದ್ದನೆಯ ಕೈಗಳ ಮೂಲಕ ಅಕ್ಕಪಕ್ಕದ ಮೂವತ್ತು, ನಲವತ್ತು ಕೋಶಗಳಿಗೆ ಹಂಚುತ್ತವೆ. ಪಡೆದ ಕೋಶ ಆ ಬಣ್ಣವನ್ನು ಏನು ಮಾಡುತ್ತದೆ ಗೊತ್ತೇ? ತನ್ನ ನಡುವೆ ಇರುವ ಜೀವಕೇಂದ್ರದ ಮೇಲೆ, ಬಿಸಿಲು ಬೀಳುವ ಬದಿಗೆ, ಕೊಡೆಯಂತೆ ಹಿಡಿಯುತ್ತದೆ. ಬಿಸಿಲಿನ ಅತಿನೇರಳೆ ಕಿರಣ ಒಳಗಿನ ವಂಶವಾಹಿಯನ್ನು ಸುಡದಿರಲಿ ಎಂದು. ಮಗಳು ಇದನ್ನು ಹೇಳಿದಾಗ ನಾನು ಬಹಳ ಹೊತ್ತು ಮಾತಾಡಲಿಲ್ಲ. ಕೋಟಿ ಕೋಟಿ ಪುಟ್ಟ ಕೊಡೆಗಳು. ಅವುಗಳನ್ನು ಮಡಚಿಡಲು ನಾನು ಹಣ ಕೊಟ್ಟು ಕ್ರೀಮು ತಂದಿದ್ದೆ.

ಇನ್ನೊಂದು ವಿಷಯ ಕೇಳಿ. ಬೆಳ್ಳಗಿನವರಲ್ಲಿ ಮತ್ತು ಕಪ್ಪಗಿನವರಲ್ಲಿ ಮೆಲನೊಸೈಟುಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ತಯಾರಾಗುವ ಬಣ್ಣದ ಕಣಗಳ ಗಾತ್ರ, ಬಗೆ, ಪ್ರಮಾಣದಲ್ಲಷ್ಟೇ ವ್ಯತ್ಯಾಸ. ಅಂದರೆ "ಬಣ್ಣ ಕಡಿಮೆ" ಎಂಬ ನಮ್ಮ ಮಾತೇ ತಲೆಕೆಳಗು! ಕಪ್ಪು ಚರ್ಮದಲ್ಲಿ ಬಣ್ಣ ಹೆಚ್ಚು, ಬಿಳಿ ಚರ್ಮದಲ್ಲಿ ಕಡಿಮೆ. ಹುಡುಗನ ತಾಯಿ ಆ ದಿನ ಅಂಗಳದಲ್ಲಿ ಹೇಳಿದ್ದಕ್ಕೆ ನಾನು ಏನು ಉತ್ತರಿಸಬೇಕಿತ್ತೆಂದು ಎರಡು ವರ್ಷದ ಮೇಲೆ ಗೊತ್ತಾಯಿತು. ಉತ್ತರಗಳು ಯಾವಾಗಲೂ ಹಾಗೆಯೇ, ನೆಂಟರು ಗೇಟು ದಾಟಿದ ಮೇಲೆ ಬರುತ್ತವೆ.

ಸೂರಃ ಅರ್‍ರೂಮ್‌ನ 22ನೇ ಸೂಕ್ತದಲ್ಲಿ ಅಲ್ಲಾಹನು ನಮ್ಮ ಭಾಷೆಗಳ ಮತ್ತು ಬಣ್ಣಗಳ ವೈವಿಧ್ಯವನ್ನು ಆಕಾಶ ಭೂಮಿಗಳ ಸೃಷ್ಟಿಯ ಜೊತೆಗೆ ಸೇರಿಸಿ ತನ್ನ ದೃಷ್ಟಾಂತಗಳಲ್ಲಿ ಎಣಿಸಿದ್ದಾನೆ. ಎಷ್ಟು ಸಲ ಓದಿಲ್ಲ ನಾವು ಅದನ್ನು! ಓದುತ್ತೇವೆ, ಮುಸ್‌ಹಫನ್ನು ಮುತ್ತಿಟ್ಟು ಮೇಲಿಡುತ್ತೇವೆ, ಆಮೇಲೆ ಹುಟ್ಟಿದ ಮಗುವಿನ ಕಿವಿಯ ಅಂಚನ್ನು ಮಡಚಿ "ಇದು ಮುಂದೆ ಕಪ್ಪಾಗುತ್ತದೆ" ಎಂದು ಭವಿಷ್ಯ ಹೇಳುತ್ತೇವೆ. ಮಗನಿಗೆ ಬಿಲಾಲ್ ಎಂದು ಪ್ರೀತಿಯಿಂದ ಹೆಸರಿಡುತ್ತೇವೆ, ಅದೇ ಬಿಲಾಲನಿಗೆ ಬೆಳ್ಳಗಿನ ಹೆಣ್ಣನ್ನೇ ಹುಡುಕುತ್ತೇವೆ.

ಈಗ ಒಳಚರ್ಮ. ರಕ್ತನಾಳ, ನರಗಳು, ಕೂದಲಿನ ಬೇರು, ಬೆವರಿನ ಮತ್ತು ಎಣ್ಣೆಯ ಗ್ರಂಥಿಗಳು ಎಲ್ಲ ಇರುವುದು ಇಲ್ಲಿ. ಎಣ್ಣೆ ಗ್ರಂಥಿಗಳು ಅಂಗೈ ಅಂಗಾಲುಗಳಲ್ಲಿಲ್ಲ. ಮುಖ, ತಲೆ, ಬೆನ್ನಿನಲ್ಲಿ ಜಾಸ್ತಿ. ಪ್ರಾಯಕ್ಕೆ ಬಂದಾಗ ಹಾರ್ಮೋನುಗಳ ಪ್ರಭಾವದಿಂದ ಇವು ಚುರುಕಾಗುತ್ತವೆ, ರಂಧ್ರ ಕಟ್ಟಿದರೆ ಮೊಡವೆ. ಹದಿನೈದರ ಹುಡುಗಿಯ ಮೊಡವೆ ಕೊಳಕಿನ ಗುರುತಲ್ಲ. ಅವಳಿಗೆ ಬೈದು ದಿನಕ್ಕೆ ಹತ್ತು ಸಲ ಸಾಬೂನು ಹಚ್ಚಿಸುವ ತಾಯಂದಿರೇ, ದಯವಿಟ್ಟು ನಿಲ್ಲಿಸಿ.

ಬೆವರಿನ ಗ್ರಂಥಿಗಳು 20ರಿಂದ 40 ಲಕ್ಷ. ಬೆವರು ಬಂದ ಮಾತ್ರಕ್ಕೆ ಮೈ ತಂಪಾಗುವುದಿಲ್ಲ, ಬೆವರು ಆರಿದಾಗ ತಂಪಾಗುತ್ತದೆ. ಆರುವ ನೀರು ಮೈಯ ಶಾಖವನ್ನು ಜೊತೆಗೆ ಒಯ್ಯುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು, ಆದ್ದರಿಂದ ಬೆವರು ಆರುವುದೇ ಇಲ್ಲ, ಮೈಯೆಲ್ಲ ಅಂಟು. ಇಫ್ತಾರಿಗೆ ಮೊದಲು ಅಡುಗೆ ಮನೆಯಲ್ಲಿ ಸಮೋಸ ಕರಿಯುವವಳ ಅವಸ್ಥೆಯನ್ನು ಹೇಳಬೇಕೇ? ಉಪವಾಸವಿದ್ದವಳ ದೇಹದಿಂದ ಹೋದ ಆ ನೀರನ್ನು ಇಫ್ತಾರಿನಿಂದ ಸಹರಿಯ ತನಕ ಸ್ವಲ್ಪ ಸ್ವಲ್ಪವಾಗಿ ಕುಡಿದು ತುಂಬಿಸಬೇಕು. ಒಂದೇ ಸಲ ಚೊಂಬು ಎತ್ತಿ ಕುಡಿದರೆ ಸಾಲದು. ಕಂಕುಳಿನಲ್ಲಿರುವ ಬೆವರಿನ ಗ್ರಂಥಿಗಳು ಬೇರೆ ಜಾತಿಯವು. ಪ್ರಾಯದ ನಂತರ ಕೆಲಸ ಶುರು ಮಾಡುತ್ತವೆ. ಅವುಗಳ ದ್ರವಕ್ಕೆ ಸ್ವಂತ ವಾಸನೆಯಿಲ್ಲ, ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ವಾಸನೆ. ಕಂಕುಳ ಕೂದಲನ್ನು ತೆಗೆಯುವುದು ಫಿತ್ರತಿನ ಸುನ್ನತ್ತುಗಳಲ್ಲಿ ಸೇರಿರುವುದನ್ನು ಇಲ್ಲಿ ನೆನಪಿಸಿಕೊಂಡೆ.

ನನಗೆ ಅತ್ಯಂತ ಆಶ್ಚರ್ಯವೆನಿಸಿದ್ದು ಇನ್ನೊಂದು. ತಾಯಿಯ ಎದೆಹಾಲಿನ ಗ್ರಂಥಿಯೂ ಮೂಲದಲ್ಲಿ ಬೆವರಿನ ಗ್ರಂಥಿಯದೇ ರೂಪಾಂತರವಂತೆ. ಹಾಗಾದರೆ ನನ್ನ ಮಗಳಿಗೆ ಮೊದಲ ಅನ್ನ ಕೊಟ್ಟದ್ದು ನನ್ನ ಚರ್ಮ. ಆ ಮಾತು ಹೇಳುವಾಗ ಅವಳು ಪುಸ್ತಕದಿಂದ ತಲೆಯೆತ್ತಲಿಲ್ಲ. ನಾನೂ ಅವಳ ಮುಖ ನೋಡಲಿಲ್ಲ.

ಕೂದಲಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದರ ಎಣ್ಣೆಗಳ ಜಾಹೀರಾತೇ ಸಾಕಷ್ಟಿದೆ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು, ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳವಣಿಗೆ, ದಿನಕ್ಕೆ ಐವತ್ತರಿಂದ ನೂರು ಉದುರುವುದು ಸಹಜ. ಬಾಚಣಿಗೆಯಲ್ಲಿ ನಾಲ್ಕು ಕೂದಲು ಕಂಡರೆ ಗಾಬರಿ ಬೇಡ. ಜೀವವಿರುವುದು ಬೇರಿನಲ್ಲಿ ಮಾತ್ರ, ಹೊರಗೆ ಕಾಣುವ ಕೂದಲು ಸತ್ತದ್ದೇ. ಆದ್ದರಿಂದಲೇ ಕತ್ತರಿಸಿದರೆ ನೋಯುವುದಿಲ್ಲ, ಎಳೆದರೆ ನೋಯುತ್ತದೆ.

ಉಗುರುಗಳು ಮಾತ್ರ ಬಹಳ ಮಾತಾಡುತ್ತವೆ. ಹೆಬ್ಬೆರಳ ಉಗುರಿನ ಬುಡದಲ್ಲಿ ಕಾಣುವ ಬಿಳಿಯ ಅರ್ಧಚಂದ್ರ ಉಗುರು ತಯಾರಾಗುವ ಜಾಗದ ತುದಿ. ಕೈಯ ಉಗುರು ತಿಂಗಳಿಗೆ ಸುಮಾರು ಮೂರು ಮಿಲಿಮೀಟರ್ ಬೆಳೆಯುತ್ತದೆ. ಉಗುರು ಕತ್ತರಿಸದೆ ನಲವತ್ತು ದಿನ ಮೀರಬಾರದೆಂದು ಹದೀಸಿನಲ್ಲಿದೆಯಲ್ಲ, ಲೆಕ್ಕ ಹಾಕಿದರೆ ಅಷ್ಟರಲ್ಲಿ ನಾಲ್ಕು ಮಿಲಿಮೀಟರ್ ಆಗಿರುತ್ತದೆ. ಅದಕ್ಕಿಂತ ಹೆಚ್ಚಿನ ಉಗುರಿನ ಕೆಳಗೆ ಏನೆಲ್ಲ ಸೇರುತ್ತದೆಂದು ರೊಟ್ಟಿ ತಟ್ಟುವ ಕೈಗಳಿಗೆ ಹೇಳಬೇಕಾಗಿಲ್ಲ. ದೊಡ್ಡ ಜ್ವರ ಬಂದು ಹೋದರೆ ಬೆಳವಣಿಗೆ ಕೆಲವು ದಿನ ನಿಂತು ಉಗುರಿಗೆ ಅಡ್ಡ ಗೆರೆ ಬೀಳುತ್ತದೆ. ನಮ್ಮ ಹೆಂಗಸರು ಮುಖ್ಯವಾಗಿ ಗಮನಿಸಬೇಕಾದದ್ದು ಬೇರೆ. ಉಗುರು ನಡುವೆ ತಗ್ಗಾಗಿ ಚಮಚದಂತಾಗಿದ್ದರೆ ಅದು ಕಬ್ಬಿಣದ ಅಂಶದ ಕೊರತೆಯಿಂದ ಇರಬಹುದು. ಬಣ್ಣ ಬಳಿದು ಮುಚ್ಚದೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಹೆರಿಗೆಯ ಮೇಲೆ ಹೆರಿಗೆ ಕಂಡ ನಮ್ಮಲ್ಲಿ ಎಷ್ಟು ಮಂದಿಯ ಉಗುರನ್ನು ಯಾರು ನೋಡಿದ್ದಾರೆ?

ಇಷ್ಟೆಲ್ಲ ಇರುವ ಚರ್ಮಕ್ಕೆ ನಾನು ಹಚ್ಚಿದ ಕ್ರೀಮಿನಲ್ಲಿ ಏನಿತ್ತು? ಸ್ಟೀರಾಯ್ಡ್ ಒಂದು, ಬಣ್ಣ ತಡೆಯುವ ಹೈಡ್ರೋಕ್ವಿನೋನ್ ಒಂದು, ಚರ್ಮ ಸುಲಿಯುವ ಟ್ರೆಟಿನಾಯಿನ್ ಒಂದು. ಇದು ವಿಷವಲ್ಲ, ಔಷಧ. ಮುಖದ ಕಂದು ಮಚ್ಚೆಗೆ ವೈದ್ಯರು ಲೆಕ್ಕದ ಕೆಲವೇ ವಾರಗಳಿಗೆ ಕೊಡುವ ಔಷಧ. ನಾವು ಅದನ್ನು ಪೌಡರಿನಂತೆ ಎರಡು ವರ್ಷ ಹಚ್ಚಿದೆವು. ಸ್ಟೀರಾಯ್ಡ್ ಮೊದಲು ರಕ್ತನಾಳಗಳನ್ನು ಕುಗ್ಗಿಸಿ ಮುಖವನ್ನು ಬಿಳಿಚಿಸುತ್ತದೆ. ಹಚ್ಚುತ್ತಾ ಹೋದರೆ ಚರ್ಮ ತೆಳ್ಳಗಾಗಿ ಕೆಂಪು ನಾಳಗಳು ಕಾಣತೊಡಗುತ್ತವೆ, ಮೊಡವೆ ಏಳುತ್ತದೆ, ಹುಡುಗಿಯರ ಕೆನ್ನೆಯಲ್ಲಿ ರೋಮ ಬೆಳೆಯುತ್ತದೆ, ಬಿಡಲು ಹೋದರೆ ಉರಿ. ನಮ್ಮ ದೇಶದಲ್ಲಿ ಈ ಹಾನಿ ಎಷ್ಟು ಸಾಮಾನ್ಯವೆಂದರೆ ಇಂತಹ ಮುಖಕ್ಕೆ ಭಾರತೀಯ ಚರ್ಮವೈದ್ಯರೇ ಒಂದು ಪ್ರತ್ಯೇಕ ಹೆಸರು ಕೊಟ್ಟಿದ್ದಾರೆ. 2018ರಲ್ಲಿ ಕೇಂದ್ರ ಸರಕಾರ ಸ್ಟೀರಾಯ್ಡ್ ಇರುವ ಹಲವು ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಆದೇಶಿಸಿತು. ನಾನು ತಂದದ್ದು ಅದಾದ ಎರಡು ವರ್ಷದ ಬಳಿಕ.

ಹೆಸರೇ ಇಲ್ಲದ, ಹೊರದೇಶದಿಂದ ಬಂದದ್ದೆಂದು ಮಾರುವ ಡಬ್ಬಿಗಳು ಇನ್ನೂ ಭೀಕರ. ಕೆಲವುಗಳಲ್ಲಿ ಪಾದರಸವಿರುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್ ತನಕ ಒಂದು ಬಗೆಯ ಮೂತ್ರಪಿಂಡ ರೋಗದಿಂದ ಬಂದ 22 ಮಂದಿಯನ್ನು ಪರೀಕ್ಷಿಸಿದರು. ಅವರಲ್ಲಿ 15 ಮಂದಿಗೆ ಆ ರೋಗದ ಒಂದು ಅಪರೂಪದ ವಿಧವಿತ್ತು. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರು. ಹಚ್ಚಿದ್ದು ಮುಖಕ್ಕೆ, ಹೋದದ್ದು ಮೂತ್ರಪಿಂಡಕ್ಕೆ.

ನಿಮ್ಮ ಕಪಾಟಿನಲ್ಲಿರುವ ಟ್ಯೂಬನ್ನು ಇಂದೇ ತೆಗೆದು ಹಿಂಬದಿ ಓದಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸೋಲ್, ಫ್ಲೂಸಿನೋಲೋನ್ ಎಂಬ ಹೆಸರಿದ್ದರೆ ಅದು ಸ್ಟೀರಾಯ್ಡ್. ಬಹುಕಾಲದಿಂದ ಹಚ್ಚುತ್ತಿದ್ದರೆ ಹೆದರಿ ಥಟ್ಟನೆ ಬಿಡುವುದಕ್ಕಿಂತ ಟ್ಯೂಬ್ ಸಮೇತ ಚರ್ಮವೈದ್ಯರಲ್ಲಿಗೆ ಹೋಗಿ. ಹೇಗೆ ಬಿಡಬೇಕೆಂದು ಅವರು ಹೇಳುತ್ತಾರೆ.

ಮಗಳಿಗೆ ಮೊದಲ ಎರಡು ತಿಂಗಳು ನರಕವಾಗಿತ್ತು. ಮುಖ ಮೊದಲಿಗಿಂತ ಕೆಟ್ಟಿತು, ಊದಿತು, ಸುಲಿಯಿತು. ಈದ್‌ನ ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ರಾತ್ರಿ ತಣ್ಣೀರ ಬಟ್ಟೆ ಹಿಡಿದು ಅವಳ ಬಳಿ ಕೂತಾಗ ನನಗೆ ಹಾಮೀಮ್ ಸಜ್ದಃ ಅಧ್ಯಾಯದ ಮಾತು ಪದೇ ಪದೇ ನೆನಪಾಗುತ್ತಿತ್ತು. ಅಂತಿಮ ದಿನ ಮನುಷ್ಯರ ಕಿವಿ, ಕಣ್ಣುಗಳೊಂದಿಗೆ ಚರ್ಮಗಳೂ ಸಾಕ್ಷಿ ನುಡಿಯುತ್ತವೆ ಎಂದು ಅಲ್ಲಿದೆ. ಅದು ಸತ್ಯವನ್ನು ಧಿಕ್ಕರಿಸಿದವರ ಕುರಿತಾದದ್ದು ಎಂದು ನನಗೆ ಗೊತ್ತು. ಆದರೂ ಎದೆ ನಡುಗುತ್ತಿತ್ತು. ನನ್ನ ಬೆರಳು ಮಗಳ ಕೆನ್ನೆಗೆ ಏನನ್ನು ಹಚ್ಚಿತೆಂದು ಆ ಬೆರಳಿನ ಚರ್ಮಕ್ಕೆ ಗೊತ್ತಿದೆ. ಒಂದು ರಾತ್ರಿ ಅವಳಲ್ಲಿ ಕ್ಷಮೆ ಕೇಳಿದೆ. "ನೀವು ಹಚ್ಚಿದ್ದಕ್ಕೆ ನನಗೆ ಬೇಸರವಿಲ್ಲ ಉಮ್ಮಾ. ಬೆಳ್ಳಗಾದಾಗ ನೀವು ಖುಷಿಯಾದಿರಲ್ಲ, ಅದಕ್ಕೆ ಬೇಸರವಾಗಿತ್ತು" ಎಂದಳು. ಇದಕ್ಕೆ ನನ್ನಲ್ಲಿ ಈಗಲೂ ಉತ್ತರವಿಲ್ಲ.

ಪೂರ್ತಿ ಸರಿಯಾಗಲು ವರ್ಷ ಮೀರಿತು. ಕೆನ್ನೆಯಲ್ಲಿ ಒಂದೆರಡು ಸಣ್ಣ ಕೆಂಪು ನಾಳಗಳು ಹಾಗೆಯೇ ಉಳಿದಿವೆ. ಹುಟ್ಟಿನ ಬಣ್ಣ ಮರಳಿ ಬಂದಿದೆ. ಈಗ ಅವಳು ಕೆಲಸಕ್ಕೆ ಹೋಗುತ್ತಾಳೆ. ಸಂಬಂಧಗಳು ಬರುತ್ತವೆ, ಕೆಲವರು ಅದೇ ಮಾತನ್ನು ಅದೇ ಅಂಗಳದಲ್ಲಿ ಹೇಳಿ ಹೋಗುತ್ತಾರೆ. ನಾನು ಈಗ ಗೇಟಿನ ತನಕ ಹೋಗಿ ಉತ್ತರ ಕೊಟ್ಟೇ ಕಳುಹಿಸುತ್ತೇನೆ.

ಹಳೆಯ ಟ್ಯೂಬನ್ನು ಎಸೆದಿಲ್ಲ. ಕೇಳಿ ಬಂದವರಿಗೆ ತೋರಿಸಲು ಕಪಾಟಿನಲ್ಲಿಟ್ಟಿದ್ದೇನೆ. ಮೊನ್ನೆ ಸುಬ್‌ಹಿಗೆ ಬಾವಿಕಟ್ಟೆಯಲ್ಲಿ ಮಗಳು ವುಝೂ ಮಾಡುತ್ತಿದ್ದಳು. ಮುಖಕ್ಕೆ ಮೂರು ಸಲ ನೀರು ಹಾಕಿಕೊಂಡಳು. ನಾನು ಬಾಗಿಲಲ್ಲೇ ನಿಂತು ನೋಡುತ್ತಿದ್ದೆ. "ನೀರು ಬಹಳ ತಣ್ಣಗಿದೆ ಉಮ್ಮಾ" ಎಂದಳು, ಅಷ್ಟೇ.